ಲ್ಯಾನ್ಸ್ ಟಾಡ್ ಯಾರೆಂದು ವೆಂಬ್ಲಿಯಲ್ಲಿ ಒಮ್ಮೆ ಹೇಳಿ: ಒಂದು ಬಹಿರಂಗ ಪತ್ರ

ಹದಿಮೂರು ಜನರ ರಗ್ಬಿ ಆಟವಾದ ರಗ್ಬಿ ಲೀಗ್‌ನ ಚಾಲೆಂಜ್ ಕಪ್ ಫೈನಲ್ ಪಂದ್ಯವನ್ನು ವರ್ಷವರ್ಷವೂ ನಡೆಸಿಕೊಡುವ ಆಡಳಿತದ ಹಿರಿಯರಿಗೆ, ಹಾಗೂ ಸಾಲ್ಫರ್ಡ್, ಮ್ಯಾಂಚೆಸ್ಟರ್, ವಿಗನ್ ಸುತ್ತಮುತ್ತ ನೆಲೆಸಿರುವ ಕನ್ನಡದ ಬಂಧುಗಳಿಗೆ,

ಮಾನ್ಯರೇ,

2020ರ ಅಕ್ಟೋಬರ್ 17ರ ಸಂಜೆ ಸಾಲ್ಫರ್ಡ್ ತಂಡ ಲಂಡನ್ನಿನ ವೆಂಬ್ಲಿಯಲ್ಲಿ ಲೀಡ್ಸ್ ವಿರುದ್ಧ 17–16ರಿಂದ, ಒಂದೇ ಒಂದು ಅಂಕದಿಂದ ಸೋತಿತು. ಕೋವಿಡ್ ಕಾರಣಕ್ಕೆ ಕ್ರೀಡಾಂಗಣದಲ್ಲಿ ಪ್ರೇಕ್ಷಕರಿರಲಿಲ್ಲ. 1969ರ ನಂತರ ಮೊದಲ ಬಾರಿಗೆ ತಮ್ಮ ತಂಡ ಈ ಫೈನಲ್ ತಲುಪಿದ್ದರೂ ಊರಿನವರೆಲ್ಲ ಮನೆಯೊಳಗೇ ಕುಳಿತು ಟಿವಿಯಲ್ಲಿ ನೋಡಬೇಕಾಯಿತು. ನಾನೂ ಹಾಗೆಯೇ ನೋಡಿದೆ. ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಲ್ಯಾನ್ಸ್ ಟಾಡ್ ಟ್ರೋಫಿ ಲೀಡ್ಸ್ ತಂಡದ ರಿಚಿ ಮೈಲರ್ ಪಾಲಾಯಿತು. ಅವರು ಅದಕ್ಕೆ ಅರ್ಹರೇ ಆಗಿದ್ದರು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಸಾಲ್ಫರ್ಡ್ ತಂಡವನ್ನು ಹನ್ನೆರಡು ವರ್ಷ ಕಟ್ಟಿ ಬೆಳೆಸಿದ ಮನುಷ್ಯನ ಹೆಸರಿನ ಟ್ರೋಫಿಯೊಂದು ಸಾಲ್ಫರ್ಡ್ ಸೋತ ದಿನವೇ ಎದುರಾಳಿಯ ಕೈ ಸೇರುತ್ತಿದೆ ಎಂಬುದು ಆ ಕ್ಷಣದಲ್ಲಿ ನನ್ನ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಮರುದಿನ ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯ ಆಚೆ ನಿಂತು, "ಟಾಡ್ ನಮ್ಮವರಲ್ಲವೇ, ನಮ್ಮ ಅಪ್ಪ ಅವರ ತಂಡವನ್ನು ನಿಂತೇ ನೋಡುತ್ತಿದ್ದರು" ಎಂದಾಗ ಮಾತ್ರ ನನಗೆ ಆ ಹೆಸರಿನ ಹಿಂದೆ ಒಂದು ಜೀವವಿದೆ ಎಂಬ ಅರಿವಾಯಿತು. ಅಂದಿನಿಂದ ಓದಿ ಕೇಳಿ ತಿಳಿದುಕೊಂಡದ್ದನ್ನು ಮುಂದಿಟ್ಟು, ನಿಮ್ಮಲ್ಲಿ ಒಂದು ಬೇಡಿಕೆ ಸಲ್ಲಿಸುವುದಕ್ಕಾಗಿ ಈ ಪತ್ರ. ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣವೂ ಇದೆ. ಈ ಊರುಗಳಲ್ಲಿ ಬಾಳು ಕಟ್ಟಿಕೊಂಡಿರುವ ನಮ್ಮ ಜನ ಇಲ್ಲಿನ ಫುಟ್‌ಬಾಲನ್ನು ಅರಿತಷ್ಟು ಈ ಆಟವನ್ನು ಅರಿತಿಲ್ಲ. ಇಂಗ್ಲಿಷ್ ಪ್ರತಿಯನ್ನು ಪ್ರತ್ಯೇಕವಾಗಿ ಕಳುಹಿಸುತ್ತಿದ್ದೇನೆ.

ಲ್ಯಾನ್ಸೆಲಾಟ್ ಬೋಮಾಂಟ್ ಟಾಡ್ 1883ರಲ್ಲಿ ಹುಟ್ಟಿದ ನ್ಯೂಜಿಲೆಂಡಿನವರು. ಅವರು ಇಂಗ್ಲೆಂಡಿಗೆ ಬಂದ ಬಗೆಯೇ ಒಂದು ದೊಡ್ಡ ಕಥೆ, ಆ ಕಥೆಯ ಬೇರು ಹಣದ ಪ್ರಶ್ನೆಯಲ್ಲಿದೆ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರ ಇಂಗ್ಲೆಂಡಿನ ಕ್ಲಬ್ಬುಗಳು ಸಭೆ ಸೇರಿ ಮೂಲ ರಗ್ಬಿ ಸಂಸ್ಥೆಯಿಂದ ಸಿಡಿದು ನಿಂತು ಇಂದಿನ ರಗ್ಬಿ ಲೀಗ್‌ಗೆ ಅಡಿಪಾಯ ಹಾಕಿದ್ದು, ಗಣಿ ಮತ್ತು ಗಿರಣಿಗಳ ಕೆಲಸಗಾರರು ಶನಿವಾರದ ಪಾಳಿ ಬಿಟ್ಟು ಆಡಲು ಬಂದರೆ ಕಳೆದುಕೊಳ್ಳುವ ಕೂಲಿಯನ್ನು ಅವರಿಗೆ ತುಂಬಿಕೊಡಬೇಕೆಂಬ ಬೇಡಿಕೆಗಾಗಿ. ದಕ್ಷಿಣದ ಉಳ್ಳವರು ಅದನ್ನು ಆಟದ ಶುದ್ಧತೆಗೆ ಅಂಟಿದ ಕಳಂಕವೆಂದರು. ಇದೇ ಜಗಳ ಹತ್ತು ವರ್ಷಗಳ ನಂತರ ನ್ಯೂಜಿಲೆಂಡಿನಲ್ಲೂ ಹೊತ್ತಿಕೊಂಡಿತು. ಆಲ್ ಬ್ಲ್ಯಾಕ್ಸ್ ಎಂದು ಕರೆಯುವ ನ್ಯೂಜಿಲೆಂಡ್ ರಗ್ಬಿ ತಂಡದ 1905ರ ಬ್ರಿಟನ್ ಪ್ರವಾಸದಲ್ಲಿ ಸಂಸ್ಥೆಗೆ ಭಾರಿ ಲಾಭ ಬಂದಿತ್ತು, ಆಟಗಾರರ ಕೈಗೆ ಸಿಕ್ಕದ್ದು ದಿನಕ್ಕೆ 3 ಶಿಲಿಂಗ್ ಭತ್ಯೆ. ವೆಲ್ಲಿಂಗ್ಟನ್ನಿನ ಅಂಚೆ ಇಲಾಖೆಯಲ್ಲಿ ಗುಮಾಸ್ತನಾಗಿದ್ದ ಆಲ್ಬರ್ಟ್ ಬ್ಯಾಸ್ಕರ್‌ವಿಲ್ ಎಂಬ ಯುವಕ ಇದನ್ನು ಕಂಡು, ಉತ್ತರ ಇಂಗ್ಲೆಂಡಿನ ಸಂಸ್ಥೆಗೆ ಪತ್ರ ಬರೆದು, ತಲಾ 50 ಪೌಂಡ್ ಹೂಡುವ ಆಟಗಾರರನ್ನು ಒಂದುಗೂಡಿಸಿ, ಅವರದೇ ಪಾಲುದಾರಿಕೆಯ ಒಂದು ತಂಡವನ್ನು 1907ರಲ್ಲಿ ಹೊರಡಿಸಿದ. ಹಣಕ್ಕಾಗಿ ಹೊರಟವರೆಂದು ಹಂಗಿಸುವುದಕ್ಕೆ ಪತ್ರಿಕೆಗಳು ಇವರಿಗೆ 'ಆಲ್ ಗೋಲ್ಡ್ಸ್' ಎಂಬ ಹೆಸರಿಟ್ಟವು. ಹೋದವರ ಮೇಲೆ ತಾಯ್ನಾಡಿನ ಸಂಸ್ಥೆ ಜೀವಾವಧಿ ನಿಷೇಧ ಹೇರಿತು. ಆ ತಂಡದಲ್ಲಿ 24 ವರ್ಷದ ಲ್ಯಾನ್ಸ್ ಟಾಡ್ ಇದ್ದರು.

ಇಲ್ಲಿ ಒಂದು ಸಂಗತಿಯನ್ನು ನಾನು ಒತ್ತಿ ಹೇಳಬಯಸುತ್ತೇನೆ. ಹಡಗೇರಿ ಬಂದ ಈ ಆಟಗಾರರಿಗೆ ತಾವು ಆಡಬೇಕಾಗಿದ್ದ ಆಟವೇ ಹೊಸದು. ಉತ್ತರದ ಸಂಸ್ಥೆ 1906ರಲ್ಲಷ್ಟೇ ಹದಿನೈದು ಜನರ ತಂಡವನ್ನು ಹದಿಮೂರಕ್ಕೆ ಇಳಿಸಿತ್ತು. ಎದುರಾಳಿ ಕೆಡವಿದ ಆಟಗಾರ ಎದ್ದು ನಿಂತು ಚೆಂಡನ್ನು ಮತ್ತೆ ಆಟಕ್ಕೆ ಬಿಡುವ ಪದ್ಧತಿಯನ್ನೂ ಅದೇ ವರ್ಷ ತಂದಿತ್ತು. ಹದಿನೈದು ಜನರ ಆಟದಲ್ಲೇ ಪಳಗಿದ ನ್ಯೂಜಿಲೆಂಡಿಗರು ಲೀಡ್ಸ್‌ನಲ್ಲಿ ಇಳಿದ ಮೇಲೆ ನಿಯಮಗಳನ್ನು ಮೊದಲಿನಿಂದ ಕಲಿತು, ಅಕ್ಟೋಬರ್ 9ರಂದು ಬ್ರಾಮ್ಲಿಯಲ್ಲಿ ಮೊದಲ ಪಂದ್ಯ ಆಡಿ 25–6ರಿಂದ ಗೆದ್ದರು. 1908ರ ಹೊಸವರ್ಷದ ದಿನ ಅಬರ್ಡೇರ್‌ನಲ್ಲಿ ವೇಲ್ಸ್ ಎದುರು 9–8ರಿಂದ ಸೋತರೂ, ಬ್ರಿಟನ್ ವಿರುದ್ಧದ ಮೂರು ಟೆಸ್ಟ್‌ಗಳಲ್ಲಿ ಲೀಡ್ಸ್‌ನಲ್ಲಿ ನಡೆದ ಮೊದಲನೆಯದನ್ನು ಕಳೆದುಕೊಂಡು ಲಂಡನ್ ಮತ್ತು ಚೆಲ್ಟನ್‌ಹ್ಯಾಮ್‌ನಲ್ಲಿ ನಡೆದ ಎರಡನ್ನೂ ಗೆದ್ದು ಸರಣಿಯನ್ನೇ ವಶಪಡಿಸಿಕೊಂಡರು. ಬೆಳೆದು ನಿಂತ ವಯಸ್ಸಿನಲ್ಲಿ ಒಂದು ಆಟವನ್ನು ಅಕ್ಷರಾಭ್ಯಾಸದಂತೆ ಕಲಿಯಬೇಕಾದವನಿಗೆ, ಅದನ್ನು ಹುಟ್ಟಿನಿಂದ ಆಡಿಕೊಂಡು ಬಂದವನಿಗಿಂತ ಚೆನ್ನಾಗಿ ಕಲಿಸಲು ಬರುತ್ತದೆ ಎಂಬುದು ನನ್ನ ನಂಬಿಕೆ. ಮುಂದೆ ಸಾಲ್ಫರ್ಡ್‌ನಲ್ಲಿ ಕಂಡ ಗುರುವಿನ ಮೊದಲ ಪಾಠ ಈ ಕೆಲವು ತಿಂಗಳುಗಳಲ್ಲೇ ನಡೆದಿತ್ತು.

ಪ್ರವಾಸವನ್ನು ಕಟ್ಟಿದ ಬ್ಯಾಸ್ಕರ್‌ವಿಲ್ ತಾಯ್ನಾಡಿಗೆ ಮರಳುವ ದಾರಿಯಲ್ಲಿ, 1908ರ ಮೇ ತಿಂಗಳಿನಲ್ಲಿ ಬ್ರಿಸ್ಬೇನ್‌ನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ಅವನಿಗಾಗ ಇಪ್ಪತ್ತೈದು ವರ್ಷ. ಟಾಡ್ ಇಂಗ್ಲೆಂಡಿನಲ್ಲೇ ಉಳಿದಿದ್ದರು. ಅವರ ಆಟಕ್ಕೆ ಮನಸೋತ ವಿಗನ್ ಕ್ಲಬ್ 400 ಪೌಂಡ್ ಕೊಟ್ಟು ಅವರನ್ನು ಸೇರಿಸಿಕೊಂಡಿತ್ತು. ಗಣಿ ಕೆಲಸಗಾರನ ಹಲವು ವರ್ಷಗಳ ದುಡಿಮೆಗೆ ಸಮವಾದ ಮೊತ್ತವದು. ಹಿಂಸಾಲಿನ ನಡುವಿನ ಸೆಂಟರ್ ಸ್ಥಾನದಲ್ಲಿ ಟಾಡ್ ಅವರಿಗೆ ವೇಲ್ಸ್‌ನ ಬರ್ಟ್ ಜೆಂಕಿನ್ಸ್ ಜೋಡಿಯಾಗಿ, ಅಂಚಿನ ವಿಂಗ್‌ನಲ್ಲಿ ಜಿಮ್ ಲೇಥಮ್ ಮತ್ತು ಜೋ ಮಿಲ್ಲರ್ ಇದ್ದ ಆ ನಾಲ್ವರ ಸಾಲನ್ನು ವಿಗನ್ನಿನ ಹಳಬರು ಇಂದಿಗೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. 1908–09ರಲ್ಲಿ ವಿಗನ್ ತನ್ನ ಮೊತ್ತಮೊದಲ ಲೀಗ್ ಚಾಂಪಿಯನ್‌ಶಿಪ್ ಗೆದ್ದದ್ದು ಓಲ್ಡಮ್ ತಂಡವನ್ನು 7–3ರಿಂದ ಸೋಲಿಸಿ, ಸಾಲ್ಫರ್ಡ್‌ನ ನೆಲದಲ್ಲಿ. ಟಾಡ್ ವಿಗನ್ ಪರವಾಗಿ ನೂರಕ್ಕೂ ಹೆಚ್ಚು ಟ್ರೈಗಳನ್ನು (ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೊತ್ತಿ ಪಡೆಯುವ ಅಂಕ) ಗಳಿಸಿದರು.

ಆದರೆ ಆ ಮೊದಲ ಗೆಲುವಿನ ನಂತರದ ನಾಲ್ಕು ವರ್ಷಗಳನ್ನು ನೋಡಿ. 1910ರಲ್ಲಿ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಓಲ್ಡಮ್ ಎದುರು ಸೋಲು. 1911ರಲ್ಲಿ ಮತ್ತೆ ಓಲ್ಡಮ್ ಎದುರು ಸೋಲು. ಅದೇ ವರ್ಷ ಸಾಲ್ಫರ್ಡ್‌ನ ವಿಲೋಸ್ ಮೈದಾನದಲ್ಲಿ ನಡೆದ ಚಾಲೆಂಜ್ ಕಪ್ ಫೈನಲ್‌ನಲ್ಲಿ ಬ್ರಾಟನ್ ರೇಂಜರ್ಸ್ ಎದುರು 4–0ಯ ಸೋಲು. 1912 ಮತ್ತು 1913ರ ಚಾಂಪಿಯನ್‌ಶಿಪ್ ಫೈನಲ್‌ಗಳಲ್ಲಿ ಹಡರ್ಸ್‌ಫೀಲ್ಡ್ ಎದುರು ಸೋಲು. ವರ್ಷವಿಡೀ ಎಲ್ಲರಿಗಿಂತ ಚೆನ್ನಾಗಿ ಆಡಿ ಕೊನೆಯ ದಿನ ಬರಿಗೈಯಲ್ಲಿ ಮನೆಗೆ ಹೋಗುವುದು ಎಂದರೇನು ಎಂಬುದನ್ನು ಆ ಕಾಲದ ವಿಗನ್ನಿನಷ್ಟು ಬೇರೆ ಯಾವ ತಂಡ ಉಂಡಿರಲಿಲ್ಲ. ಆ ನೋವು ಟಾಡ್ ಅವರೊಳಗೆ ಉಳಿಯಿತೆಂದು ನಾನು ಭಾವಿಸುತ್ತೇನೆ, ಏಕೆಂದರೆ ಮುಂದೆ ಅವರು ಕಟ್ಟಿದ ತಂಡ ಫೈನಲ್‌ಗಳನ್ನು ಗೆಲ್ಲುವುದರಲ್ಲೇ ಹೆಸರು ಮಾಡಿತು.

1914ರಲ್ಲಿ ಅವರು ಡ್ಯೂಸ್‌ಬರಿ ತಂಡಕ್ಕೆ ಹೋದರು. ಮಹಾಯುದ್ಧ ಬಂತು, ಆಟದ ಬದುಕು ಮುಗಿಯಿತು. ಮುಂದಿನ ವರ್ಷಗಳನ್ನು ಅವರು ರಗ್ಬಿಯಿಂದ ದೂರವೇ ಕಳೆದರು.

1928ರಲ್ಲಿ ಸಾಲ್ಫರ್ಡ್ ಕ್ಲಬ್ ಅವರನ್ನು ಮ್ಯಾನೇಜರ್ ಆಗಿ ಕರೆಯಿತು. ಮನೆಯ ಹಿರಿಯನೊಬ್ಬ ಕುಸಿದ ಸಂಸಾರವನ್ನು ಎತ್ತಿ ನಿಲ್ಲಿಸಿದ ಬಗೆ ಹೇಗಿರುತ್ತದೋ ಮುಂದಿನ ಹನ್ನೆರಡು ವರ್ಷಗಳ ಕಥೆ ಹಾಗಿದೆ. 1914ರಲ್ಲಿ ಒಮ್ಮೆ ಚಾಂಪಿಯನ್ ಆಗಿದ್ದ ಕ್ಲಬ್ ಆ ಹೊತ್ತಿಗೆ ಲೀಗ್ ಪಟ್ಟಿಯ ತಳ ಮುಟ್ಟುವ ಸ್ಥಿತಿಗೆ ಬಂದಿತ್ತು. ಆ ಕಾಲದ ಬಹುಪಾಲು ಕ್ಲಬ್ಬುಗಳಲ್ಲಿ ಯಾರು ಆಡಬೇಕೆಂದು ತೀರ್ಮಾನಿಸುತ್ತಿದ್ದುದು ಸಮಿತಿ. ತರಬೇತುದಾರನೆಂದರೆ ಆಟಗಾರರ ಮೈಕೈ ಉಜ್ಜಿ, ಓಡಿಸಿ ಬೆವರಿಳಿಸುವವನು, ಅಷ್ಟೇ. ಟಾಡ್ ಆಟಗಾರರನ್ನು ಹುಡುಕುವುದರಿಂದ ಹಿಡಿದು ಅವರನ್ನು ತಿದ್ದಿ ತೀಡುವವರೆಗೆ ಇಡೀ ತಂಡದ ಹೊಣೆಯನ್ನು ತಮ್ಮ ಹೆಗಲ ಮೇಲೆ ಹೊತ್ತರು. ಇಂದು ನಾವು ಮುಖ್ಯ ತರಬೇತುದಾರ ಎಂದು ಕರೆಯುವ ಸ್ಥಾನಕ್ಕೆ ಒಂದು ರೂಪ ಬಂದದ್ದು ಇಂಥವರಿಂದ.

ಅವರ ಕಣ್ಣು ಎಂಥದೆಂದು ತಿಳಿಯಲು ಒಬ್ಬ ಹುಡುಗನ ಹೆಸರು ಸಾಕು: ಗಸ್ ರಿಸ್ಮನ್. ಲಾಟ್ವಿಯಾದಿಂದ ಬಂದ ದಂಪತಿಗಳ ಮಗನಾಗಿ ಕಾರ್ಡಿಫ್‌ನ ಬಂದರು ಕೇರಿಯಲ್ಲಿ ಹುಟ್ಟಿ, ಬ್ಯಾರಿಯಲ್ಲಿ ಬೆಳೆದ ಈ ಹುಡುಗನನ್ನು ಟಾಡ್ 1929ರಲ್ಲಿ, ಅವನಿಗೆ ಇನ್ನೂ ಹದಿನೆಂಟು ತುಂಬುವ ಮೊದಲೇ ಸಾಲ್ಫರ್ಡ್‌ಗೆ ಕರೆತಂದರು. ಆತ ಮುಂದೆ 1946ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದ ಬ್ರಿಟನ್ ತಂಡದ ನಾಯಕನಾದ, 41ನೆಯ ವಯಸ್ಸಿನಲ್ಲಿ ವರ್ಕಿಂಗ್ಟನ್ ತಂಡದ ನಾಯಕನಾಗಿ 1952ರ ಚಾಲೆಂಜ್ ಕಪ್ ಎತ್ತಿ ಹಿಡಿದ. ಹಾರ್ಟಲ್‌ಪೂಲ್‌ನಿಂದ ಬಂದ ಬಾರ್ನಿ ಹಡ್ಸನ್ ವಿಂಗ್‌ನಲ್ಲಿ, ವೇಲ್ಸ್‌ನ ಎಮ್ಲಿನ್ ಜೆಂಕಿನ್ಸ್ ಮತ್ತು ಬಿಲ್ಲಿ ವಾಟ್ಕಿನ್ಸ್ ಹಾಫ್‌ಬ್ಯಾಕ್ ಸ್ಥಾನಗಳಲ್ಲಿ, ಜಾಕ್ ಫೀತಮ್ ಫಾರ್ವರ್ಡ್‌ಗಳ ನಡುವೆ, ಆಮೇಲೆ ವಿಂಗ್‌ನ ಇನ್ನೊಂದು ಬದಿಗೆ ಆಲನ್ ಎಡ್ವರ್ಡ್ಸ್. ಹೊರಗಿನಿಂದ ಬಂದ ಮ್ಯಾನೇಜರ್ ಹೊರಗಿನಿಂದ ಬಂದ ಹುಡುಗರನ್ನು ಕೂಡಿಸಿ ಹಡಗುಕಟ್ಟೆಯ ಈ ಊರಿಗೆ ಅದರದೇ ತಂಡವೊಂದನ್ನು ಕೊಟ್ಟರು. ಬೇರೆ ದೇಶದಿಂದ ಬಂದು ಇದೇ ಊರಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನನಗೆ ಈ ಮಾತು ಬರೆಯುವಾಗ ಮನಸ್ಸು ತುಂಬಿ ಬರುತ್ತದೆ.

1933ರಲ್ಲಿ ನೆರೆಯ ಸ್ವಿಂಟನ್ ತಂಡವನ್ನು 15–5ರಿಂದ ಸೋಲಿಸಿ ಸಾಲ್ಫರ್ಡ್ ಚಾಂಪಿಯನ್ ಆಯಿತು. 1937ರಲ್ಲಿ ವಾರಿಂಗ್ಟನ್ ಎದುರು 13–11ರಿಂದ ಮತ್ತೆ ಆಯಿತು. ಈ ಸೀಮೆಯ ಕ್ಲಬ್ಬುಗಳ ಲ್ಯಾಂಕಶೈರ್ ಕಪ್‌ನ ಕಥೆಯನ್ನಂತೂ ವಿಗನ್‌ನಲ್ಲಿ ಮೆಲುದನಿಯಲ್ಲಿ ಹೇಳಬೇಕು: 1934, 1935, 1936, ಈ ಮೂರೂ ವರ್ಷ ಫೈನಲ್‌ನಲ್ಲಿ ಸಾಲ್ಫರ್ಡ್‌ಗೆ ಎದುರಾದದ್ದು ಟಾಡ್ ಅವರ ಹಳೆಯ ಕ್ಲಬ್ ವಿಗನ್, ಮೂರೂ ವರ್ಷ ಗೆದ್ದದ್ದು ಸಾಲ್ಫರ್ಡ್.

1934ರ ಶರತ್ಕಾಲದಲ್ಲಿ ಟಾಡ್ ತಮ್ಮ ತಂಡವನ್ನು ಫ್ರಾನ್ಸಿಗೆ ಕರೆದೊಯ್ದರು. ಫ್ರಾನ್ಸ್ 1931ರಲ್ಲಿ ಬ್ರಿಟನ್ನಿನ ರಗ್ಬಿ ಯೂನಿಯನ್ (ಹದಿನೈದು ಜನರ ಆಟದ) ತಂಡಗಳೊಡನೆ ಆಡುವ ಅವಕಾಶ ಕಳೆದುಕೊಂಡಿತ್ತು. ಅಲ್ಲಿ ಜ್ಯಾನ್ ಗಾಲಿಯಾ ಎಂಬ ಹೆಸರಾಂತ ಆಟಗಾರ ಹದಿಮೂರು ಜನರ ಆಟಕ್ಕೆ ನೆಲೆ ಒದಗಿಸಲು ಹೆಣಗುತ್ತಿದ್ದ. ಈ ಆಟವನ್ನು ಹೇಗೆ ಆಡಬೇಕೆಂದು ಫ್ರೆಂಚರಿಗೆ ತೋರಿಸುವ ಒಂದು ತಂಡ ಬೇಕಾಗಿತ್ತು, ಸಾಲ್ಫರ್ಡ್ ಹೋಗಿ ಆರು ಪಂದ್ಯಗಳನ್ನು ಆಡಿ ಆರನ್ನೂ ಗೆದ್ದಿತು. ಕೆಂಪು ಅಂಗಿ ತೊಟ್ಟು ನುಗ್ಗುತ್ತಿದ್ದ ಅವರನ್ನು ಅಲ್ಲಿನವರು 'ಕೆಂಪು ದೆವ್ವಗಳು' ಎಂದು ಕರೆದರು. ಸಾಲ್ಫರ್ಡ್ ತಂಡದ ರೆಡ್ ಡೆವಿಲ್ಸ್ ಎಂಬ ಹೆಸರಿನ ಹುಟ್ಟು ಅದು. ಇಪ್ಪತ್ತೇಳು ವರ್ಷಗಳ ಹಿಂದೆ ಇದೇ ಆಟವನ್ನು ಲೀಡ್ಸ್‌ನಲ್ಲಿ ಮೊದಲಿನಿಂದ ಕಲಿತ ಮನುಷ್ಯ ಈಗ ಅದನ್ನು ಇನ್ನೊಂದು ದೇಶಕ್ಕೆ ಕಲಿಸುತ್ತಿದ್ದರು.

1938ರ ಮೇ 7ರ ವೆಂಬ್ಲಿಯನ್ನು ನಮ್ಮ ಜನರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎದುರಾಳಿ ಬ್ಯಾರೋ, ನೋಡಲು ಬಂದವರು 51,243 ಜನ. ಎರಡೂ ಕಡೆಯ ರಕ್ಷಣೆ ಕಲ್ಲುಗೋಡೆ. ಸಾಲ್ಫರ್ಡ್ ಪರ ರಿಸ್ಮನ್ ಕಂಬಗಳ ನಡುವೆ ಒದ್ದ ಎರಡು ಗೋಲು, ಬ್ಯಾರೋ ಕಡೆಯಿಂದಲೂ ಅಷ್ಟೇ ಅಂಕ, 4–4. ಒಂದೂ ಟ್ರೈ ಇಲ್ಲದೆ ಆಟ ಮುಗಿಯುವ ಹೊತ್ತು ಬಂದಾಗ, ಬ್ಯಾರೋ ಗೆರೆಯ ಹತ್ತಿರ ಕೈ ತಪ್ಪಿದ ಚೆಂಡನ್ನು ಆಲ್ಬರ್ಟ್ ಗಿಯರ್ ಹೆಕ್ಕಿಕೊಂಡು ಗೆರೆ ದಾಟಿದ. 7–4. ಆ ಕಪ್ಪನ್ನು ನಾಯಕ ರಿಸ್ಮನ್ ಕೈಗೆ ಕೊಟ್ಟವರು ಯಾರು ಗೊತ್ತೇ? ಆಶಸ್ ಸರಣಿಗಾಗಿ ಇಂಗ್ಲೆಂಡಿಗೆ ಬಂದಿದ್ದ ಡಾನ್ ಬ್ರಾಡ್ಮನ್. ಬ್ರಾಡ್ಮನ್ ಹೆಸರು ಕೇಳಿದರೆ ಕೂತಲ್ಲಿಂದ ಎದ್ದು ನಿಲ್ಲುವ ಹಿರಿಯರನ್ನು ಕಂಡು ಬೆಳೆದ ನಮಗೆ, ಆ ಕೈಯಿಂದ ಈ ಊರಿಗೆ ಬಂದ ಕಪ್ಪಿನ ಬಗ್ಗೆ ಬೇರೆ ಶಿಫಾರಸು ಬೇಕಿಲ್ಲ. ಇವತ್ತಿಗೂ ಸಾಲ್ಫರ್ಡ್ ಗೆದ್ದ ಚಾಲೆಂಜ್ ಕಪ್ ಅದೊಂದೇ.

ಮರುವರ್ಷ ಅದೇ ವೆಂಬ್ಲಿಯಲ್ಲಿ ಹ್ಯಾಲಿಫ್ಯಾಕ್ಸ್ ಎದುರು 20–3ರ ಸೋಲು. ಹಳೆಯ ವಿಗನ್ ಆಗಿದ್ದರೆ ಆ ವರ್ಷದ ಕಥೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಒಂದೇ ವಾರದ ನಂತರ ಮ್ಯಾಂಚೆಸ್ಟರಿನ ಮೇನ್ ರೋಡ್ ಮೈದಾನದಲ್ಲಿ 69,504 ಜನರ ಮುಂದೆ ಕಾಸಲ್‌ಫರ್ಡ್ ತಂಡವನ್ನು 8–6ರಿಂದ ಸೋಲಿಸಿ ಟಾಡ್ ಅವರ ಹುಡುಗರು ಮೂರನೆಯ ಬಾರಿ ಚಾಂಪಿಯನ್ ಆದರು. ಏಳು ದಿನಗಳಲ್ಲಿ ಸೋಲನ್ನು ನುಂಗಿ ಮತ್ತೆ ಎದ್ದು ನಿಲ್ಲುವಂತೆ ಒಂದು ತಂಡವನ್ನು ಸಿದ್ಧಪಡಿಸುವುದನ್ನು ಯಾವ ಕಪ್ಪಿನ ಮೇಲೂ ಕೆತ್ತುವುದಿಲ್ಲ. ತರಬೇತುದಾರನ ಕೆಲಸದ ಬಹುಭಾಗ ಹೀಗೆ ಕಣ್ಣಿಗೆ ಕಾಣದ್ದು. ನನ್ನ ಬೇಡಿಕೆಯ ಮೂಲವೂ ಇಲ್ಲಿಯೇ ಇದೆ.

ಅದೇ ವರ್ಷ ಮತ್ತೊಂದು ಯುದ್ಧ ಬಂತು. ರೇಡಿಯೋದಲ್ಲಿ ಆಟದ ವೀಕ್ಷಕ ವಿವರಣೆ ಕೊಟ್ಟು ಮೈದಾನಕ್ಕೆ ಬಾರದ ಜನರಿಗೂ ಪರಿಚಿತರಾಗಿದ್ದ ಟಾಡ್, ಊರು ಕಾಯುವ ಹೋಮ್ ಗಾರ್ಡ್ ಸೇವೆಗೆ ಸೇರಿದರು. 1942ರ ನವೆಂಬರ್ 14ರಂದು ಆ ಸೇವೆ ಮುಗಿಸಿ ಮರಳುವಾಗ ಕಾರು ಅಪಘಾತದಲ್ಲಿ ಅವರು ತೀರಿಕೊಂಡರು. ಅವರಿಗೆ 59 ವರ್ಷವಾಗಿತ್ತು. ಯುದ್ಧ ಮುಗಿದ ಮೇಲೆ, ಅವರ ಗೆಳೆಯರು ಅವರ ನೆನಪಿಗಾಗಿ ಈ ಟ್ರೋಫಿಯನ್ನು ಸ್ಥಾಪಿಸಿದರು. ಪಂದ್ಯ ನೋಡಿದ ಪತ್ರಕರ್ತರು ಮತ ಹಾಕಿ ಆಟಗಾರನನ್ನು ಆರಿಸುತ್ತಾರೆ. 1946ರಲ್ಲಿ ಇದನ್ನು ಮೊದಲು ಪಡೆದವರು ವೇಕ್‌ಫೀಲ್ಡ್ ಟ್ರಿನಿಟಿಯ ಬಿಲ್ಲಿ ಸ್ಟಾಟ್. ಆ ಫೈನಲ್‌ನಲ್ಲಿ 13–12ರಿಂದ ಸೋತದ್ದು ವಿಗನ್.

ಈ ಟ್ರೋಫಿಯ ಇತಿಹಾಸದಲ್ಲಿ ನನ್ನನ್ನು ಬಹಳ ಕಾಡುವ ಪುಟ 1968ರದು. ಮಳೆ ಸುರಿದು ಮೈದಾನ ಕೆರೆಯಾಗಿದ್ದ ಆ ದಿನ, ಕೊನೆಯ ಗಳಿಗೆಯಲ್ಲಿ ವೇಕ್‌ಫೀಲ್ಡ್ ಒಂದು ಟ್ರೈ ಗಳಿಸಿ 11–10ಕ್ಕೆ ಬಂದು ನಿಂತಿತು. ಟ್ರೈ ಆದ ಮೇಲೆ ಸಿಗುವ ಹೆಚ್ಚುವರಿ ಒದೆತವನ್ನು ಡಾನ್ ಫಾಕ್ಸ್ ನೇರ ಮುಂದಿನಿಂದ ಕಂಬಗಳ ನಡುವೆ ಕಳಿಸಿದರೆ ಕಪ್ ಅವರದು. ನೀರು ನಿಂತ ಹುಲ್ಲಿನಲ್ಲಿ ಚೆಂಡು ಪಕ್ಕಕ್ಕೆ ಸಿಡಿಯಿತು, ಕಪ್ ಲೀಡ್ಸ್‌ಗೆ ಹೋಯಿತು, ಫಾಕ್ಸ್ ಅಲ್ಲೇ ಮೊಣಕಾಲೂರಿದರು. ಅಷ್ಟರಲ್ಲಿ ಪತ್ರಕರ್ತರ ಮತದಾನ ಮುಗಿದಿತ್ತು: ಆ ದಿನದ ಲ್ಯಾನ್ಸ್ ಟಾಡ್ ಟ್ರೋಫಿ ಡಾನ್ ಫಾಕ್ಸ್ ಅವರಿಗೇ ಸಂದಿತು. ಆ ಒಂದು ಒದೆತದ ಹಿಂದಿನ ಎಂಬತ್ತು ನಿಮಿಷದ ಆಟವನ್ನು ಆ ಟ್ರೋಫಿ ಮರೆಯಲಿಲ್ಲ. ವಿಗನ್ನಿನ ಸೋತ ಫೈನಲ್‌ಗಳ ಕಾಲದಿಂದ ಬಂದ ಟಾಡ್ ಅವರ ಹೆಸರು ಅದರ ಮೇಲಿರುವುದು ಎಷ್ಟು ಒಪ್ಪುತ್ತದೆ ಎಂದು ಇದನ್ನು ಓದಿದಾಗ ನನಗೆ ಅನ್ನಿಸಿತು.

ಮಾನ್ಯರೇ, ನೀವು ಈ ಆಟದ ಹಿರಿಯರನ್ನು ನೆನೆಯುವವರೆಂದು ಬಲ್ಲೆ. ವೆಂಬ್ಲಿಯ ಹೊರಗೆ 2015ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯಲ್ಲಿ ಬಿಲ್ಲಿ ಬಾಸ್ಟನ್, ಅಲೆಕ್ಸ್ ಮರ್ಫಿ, ಎರಿಕ್ ಆಷ್ಟನ್, ಮಾರ್ಟಿನ್ ಅಫಾಯಾ ಅವರ ಜೊತೆಗೆ ಗಸ್ ರಿಸ್ಮನ್ ಕೂಡ ನಿಂತಿದ್ದಾರೆ. ಮಗಳೊಂದಿಗೆ ಅಲ್ಲಿಗೆ ಹೋದಾಗ ಅವಳು ರಿಸ್ಮನ್ ಅವರ ಹೆಸರಿನ ಮೇಲೆ ಬೆರಳಿಟ್ಟು, "ಇವರಿಗೆ ಆಟ ಕಲಿಸಿದವರು ಎಲ್ಲಿ?" ಎಂದು ಕೇಳಿದಳು. ಟಾಡ್ ಅವರಿಗೆ ಪ್ರತಿಮೆ ಬೇಕೆಂದು ನಾನು ಕೇಳುತ್ತಿಲ್ಲ. ಅವರ ಮೈದಾನವೂ ಉಳಿದಿಲ್ಲ, 2011ರಲ್ಲಿ ಕೊನೆಯ ಪಂದ್ಯ ಕಂಡ ವಿಲೋಸ್ ಮರುವರ್ಷ ನೆಲಸಮವಾಯಿತು. ಉಳಿದಿರುವುದು ವರ್ಷಕ್ಕೊಮ್ಮೆ ಧ್ವನಿವರ್ಧಕದಲ್ಲಿ ಕೇಳುವ ಆ ಹೆಸರು ಮಾತ್ರ. ಹತ್ತಾರು ಸಾವಿರ ಜನ ಕಿವಿಗೊಟ್ಟು ಕುಳಿತ ಆ ಅರ್ಧ ನಿಮಿಷದಲ್ಲಿ ಆ ಮನುಷ್ಯನಿಗಾಗಿ ಮೂರು ವಾಕ್ಯಗಳನ್ನು ಮೀಸಲಿಡಿ ಎಂಬುದಷ್ಟೇ ನನ್ನ ಕೋರಿಕೆ. ಪಂದ್ಯದ ಕೈಪಿಡಿಯಲ್ಲೂ ಅದೇ ಮೂರು ವಾಕ್ಯಗಳು ಅಚ್ಚಾಗಲಿ.

ಕನ್ನಡದ ಬಂಧುಗಳೇ, ನಿಮ್ಮಲ್ಲಿಯೂ ಒಂದು ಕೋರಿಕೆ. ಮುಂದಿನ ಫೈನಲ್ ದಿನ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಂದ್ಯ ನೋಡಿ. ಆ ಟ್ರೋಫಿಯ ಹೆಸರು ಬಂದಾಗ ಅದು ಯಾರ ಹೆಸರೆಂದು ಅವರಿಗೆ ಹೇಳಿ. ನಿಮ್ಮ ಬೀದಿಯಲ್ಲಿ ಹಳಬರಿದ್ದರೆ ಅವರ ಅಪ್ಪ ಅಜ್ಜಂದಿರು ವಿಲೋಸ್‌ನಲ್ಲಿ ಏನು ಕಂಡರೆಂದು ಕೇಳಿ ಬರೆದಿಟ್ಟುಕೊಳ್ಳಿ.

ಆಡಳಿತದ ಹಿರಿಯರಿಗೆ ಅನುಕೂಲವಾಗಲೆಂದು ಆ ಮೂರು ವಾಕ್ಯಗಳನ್ನು ನಾನೇ ಬರೆದು ಇಲ್ಲಿ ಸೇರಿಸಿದ್ದೇನೆ, ತಿದ್ದುವ ಅಧಿಕಾರ ನಿಮ್ಮದು:

"ಲ್ಯಾನ್ಸ್ ಟಾಡ್ 1907ರಲ್ಲಿ ನ್ಯೂಜಿಲೆಂಡಿನಿಂದ ಆಡಲು ಬಂದು, ವಿಗನ್ ತಂಡದ ಸೆಂಟರ್ ಆಗಿ 1909ರಲ್ಲಿ ಚಾಂಪಿಯನ್ ಆದರು. 1928ರಿಂದ ಸಾಲ್ಫರ್ಡ್ ತಂಡದ ಮ್ಯಾನೇಜರ್ ಆಗಿ ಮೂರು ಚಾಂಪಿಯನ್‌ಶಿಪ್‌ಗಳನ್ನೂ 1938ರ ಚಾಲೆಂಜ್ ಕಪ್ಪನ್ನೂ ಗೆಲ್ಲಿಸಿಕೊಟ್ಟರು. 1942ರಲ್ಲಿ ಹೋಮ್ ಗಾರ್ಡ್ ಸೇವೆಯಿಂದ ಮರಳುವಾಗ ತೀರಿಕೊಂಡ ಅವರ ನೆನಪಿಗಾಗಿ ಈ ಟ್ರೋಫಿಯನ್ನು ಇಂದಿನ ಪಂದ್ಯದ ಶ್ರೇಷ್ಠ ಆಟಗಾರನಿಗೆ ಕೊಡಲಾಗುತ್ತಿದೆ."

ಗೌರವಪೂರ್ವಕ ವಂದನೆಗಳೊಂದಿಗೆ,
ಸಾಲ್ಫರ್ಡ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ